ಪ್ರೊಸೆಸರ್ ತಾನೇ ದೋಷ ಹಿಡಿಯುವಾಗ ಆಪರೇಟಿಂಗ್ ಸಿಸ್ಟಮ್‌ಗೇನು ಕೆಲಸ?

ಸರ್ವರ್‌ಗಳ ನಿರ್ವಹಣೆಗೆ ಹೊಸದಾಗಿ ಬಂದವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಯಿದು: ಮೆಮೊರಿಯ ದೋಷವನ್ನು ಹಿಡಿಯುವ, ಸರಿಪಡಿಸುವ ವ್ಯವಸ್ಥೆ ಚಿಪ್‌ನಲ್ಲೇ ಇರುವಾಗ ಆಪರೇಟಿಂಗ್ ಸಿಸ್ಟಮ್ ನಡುವೆ ಬರುವುದೇಕೆ? ದೋಷ ಯಾವ ವಿಳಾಸದಲ್ಲಿದೆ ಎಂಬುದಷ್ಟೇ ಹಾರ್ಡ್‌ವೇರ್‌ಗೆ ಗೊತ್ತು; ಆ ವಿಳಾಸ ಯಾರ ವಶದಲ್ಲಿದೆ ಎಂಬುದು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್‌ಗೆ ಮಾತ್ರ ಗೊತ್ತು. ನನ್ನ ಉತ್ತರ ಇಷ್ಟೇ, ಆದರೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ದೋಷ ಹಿಡಿದು ಸರಿಪಡಿಸುವ ಇಸಿಸಿ ಮೆಮೊರಿಯಲ್ಲಿ ಸಾಮಾನ್ಯವಾಗಿ 64 ಬಿಟ್ ದತ್ತಾಂಶಕ್ಕೆ 8 ತಪಾಸಣಾ ಬಿಟ್‌ಗಳಿರುತ್ತವೆ. ಒಂದು ಬಿಟ್ ಕೆಟ್ಟರೆ ಅಲ್ಲೇ ಸರಿಯಾಗುತ್ತದೆ. ಎರಡು ಕೆಟ್ಟರೆ ಕೆಟ್ಟಿದೆ ಎಂದು ತಿಳಿಯುತ್ತದೆ, ಅಷ್ಟೇ. ಇಂಟೆಲ್ 1995ರ ಪೆಂಟಿಯಮ್ ಪ್ರೊದಲ್ಲಿ ತಂದ ಮಷೀನ್ ಚೆಕ್ ಆರ್ಕಿಟೆಕ್ಚರ್‌ನಲ್ಲಿ ಇಂಥ ಸುದ್ದಿಗಳನ್ನು ಬರೆದಿಡಲು ಪ್ರೊಸೆಸರ್ ಒಳಗಿನ ಪುಟ್ಟ ಸಂಗ್ರಹಗಳಾದ ರಿಜಿಸ್ಟರ್‌ಗಳ ಗುಂಪುಗಳು, ಅಂದರೆ ರಿಜಿಸ್ಟರ್ ಬ್ಯಾಂಕ್‌ಗಳಿವೆ. ಸ್ಟೇಟಸ್ ರಿಜಿಸ್ಟರ್‌ನ 63ನೇ ಬಿಟ್ ದಾಖಲೆ ಇದೆ ಎಂದೂ, 61ನೆಯದು ದೋಷ ಸರಿಯಾಗಿಲ್ಲ ಎಂದೂ, 57ನೆಯದು ಪ್ರೊಸೆಸರ್‌ನ ಸ್ಥಿತಿಯೇ ಕೆಟ್ಟಿರಬಹುದು ಎಂದೂ ಹೇಳುತ್ತವೆ. ಈ ಸೌಲಭ್ಯವನ್ನು ಕಂಟ್ರೋಲ್ ರಿಜಿಸ್ಟರ್‌ನಲ್ಲಿ ಚಾಲೂ ಮಾಡಬೇಕಾದದ್ದು ಆಪರೇಟಿಂಗ್ ಸಿಸ್ಟಮ್. ಅದು ಮಾಡದಿದ್ದರೆ, 18ನೇ ಸಂಖ್ಯೆಯ ಎಕ್ಸೆಪ್ಷನ್ (ನಡೆಯುತ್ತಿರುವ ಕೆಲಸ ತಡೆದು ಪ್ರೊಸೆಸರ್ ಕೊಡುವ ಕರೆ) ಆಗಿ ಕರ್ನೆಲ್‌ಗೆ ತಲುಪಬೇಕಿದ್ದ ದೂರು ತಲುಪದೆ ಪ್ರೊಸೆಸರ್ ನೇರವಾಗಿ ಶಟ್‌ಡೌನ್ ಸ್ಥಿತಿಗೆ ಹೋಗಿಬಿಡುತ್ತದೆ.

ಕರ್ನೆಲ್ ಮೆಮೊರಿಯನ್ನು ಪೇಜ್ ಎಂಬ ತುಂಡುಗಳಾಗಿ ನಿರ್ವಹಿಸುತ್ತದೆ. ಈಗ ಒಂದು 4 ಕಿಲೋಬೈಟ್ ಪೇಜ್‌ನಲ್ಲಿ ಸರಿಪಡಿಸಲಾಗದ ದೋಷ ಸಿಕ್ಕಿತೆನ್ನಿ. 2009ರಲ್ಲಿ ಬಂದ ಲಿನಕ್ಸ್ 2.6.32ರಿಂದ ಕರ್ನೆಲ್ ಆ ಪೇಜ್‌ಗೆ ಬಳಸಬಾರದೆಂಬ ‘ವಿಷ’ದ ಗುರುತು ಹಾಕಿ, ಅದು ಯಾರದೆಂದು ಹುಡುಕುತ್ತದೆ. ಡಿಸ್ಕ್‌ನಲ್ಲಿರುವ ಫೈಲಿನ, ಬದಲಾಗದ ಪ್ರತಿಯಾಗಿದ್ದರೆ ಪೇಜನ್ನು ಎಸೆದು, ಬೇಕಾದಾಗ ಡಿಸ್ಕ್‌ನಿಂದ ಮತ್ತೆ ಓದಿಕೊಂಡರಾಯಿತು. ಯಾವ ಪ್ರೋಗ್ರಾಮಿಗೂ ತಿಳಿಯುವುದಿಲ್ಲ. ಒಂದು ಪ್ರೋಗ್ರಾಮ್ ಬರೆದಿಟ್ಟುಕೊಂಡ, ಬೇರೆಲ್ಲೂ ನಕಲಿಲ್ಲದ ದತ್ತಾಂಶವಾಗಿದ್ದರೆ ಆ ಪ್ರೋಗ್ರಾಮಿಗೆ, ಮೆಮೊರಿ ಕೆಟ್ಟಿದೆಯೆಂದು ತಿಳಿಸುವ ಸಿಗ್‌ಬಸ್ ಸಂಕೇತ ಹೋಗುತ್ತದೆ, ಬಹುಪಾಲು ಅದು ಅಲ್ಲಿಗೆ ಸಾಯುತ್ತದೆ, ಉಳಿದವು ನಡೆಯುತ್ತಲೇ ಇರುತ್ತವೆ. ಕರ್ನೆಲ್ ತನ್ನದೇ ಪೇಜ್‌ನಲ್ಲಿನ ಕೆಟ್ಟ ದತ್ತಾಂಶವನ್ನು ಓದಿದಾಗ, ಅಥವಾ ಆ 57ನೇ ಬಿಟ್ ಎದ್ದಿದ್ದರೆ, ಸಾಮಾನ್ಯವಾಗಿ ಯಂತ್ರವನ್ನು ನಿಲ್ಲಿಸುವುದೊಂದೇ ದಾರಿ. ಒಂದೇ ಬಗೆಯ ದೋಷಕ್ಕೆ ಇಷ್ಟು ಬೇರೆ ಬೇರೆ ತೀರ್ಪುಗಳನ್ನು ಚಿಪ್ ಕೊಡಲಾರದು.

ಹಾರ್ಡ್‌ವೇರ್ ತಾನೇ ಸರಿಪಡಿಸಿದ ದೋಷಗಳ ವಿಷಯ ಸಪ್ಪೆ ಎನಿಸಬಹುದು, ಆದರೆ ಹೆಚ್ಚು ಬೆಲೆಬಾಳುವುದು ಅದೇ ಎಂದು ನನ್ನ ಅಭಿಪ್ರಾಯ. ಇವುಗಳಿಗಾಗಿ ಇಂಟರಪ್ಟ್, ಅಂದರೆ ಕರ್ನೆಲ್‌ನ ಗಮನ ಸೆಳೆಯುವ ಸಂಕೇತ, ಇದೆ. ಅದಿಲ್ಲದ ಕಡೆ ಲಿನಕ್ಸ್ ಮೊದಲಿಗೆ 5 ನಿಮಿಷಕ್ಕೊಮ್ಮೆ ಬ್ಯಾಂಕ್‌ಗಳನ್ನು ನೋಡಿಬರುತ್ತದೆ. ಒಂದೇ ಪೇಜ್ ಪದೇ ಪದೇ ತೊಂದರೆ ಕೊಟ್ಟರೆ, ಕೈಮೀರುವ ಮೊದಲೇ ಅದರಲ್ಲಿದ್ದುದನ್ನು ಬೇರೆಡೆಗೆ ಸಾಗಿಸಿ ಪೇಜನ್ನು ಬಳಕೆಯಿಂದ ತೆಗೆಯಬಹುದು. ಲಾಗ್ ಓದದೆ ಆಪರೇಟಿಂಗ್ ಸಿಸ್ಟಮನ್ನೇ ಮತ್ತೆ ಇನ್‌ಸ್ಟಾಲ್ ಮಾಡುತ್ತ ಕೂರುವವರನ್ನು ನಾನು ಸಾಕಷ್ಟು ನೋಡಿದ್ದೇನೆ.

ಅದಕ್ಕೇ, ಸರಿಪಡಿಸಲಾಗದ ದೋಷದಿಂದ ಯಂತ್ರ ನಿಂತುಹೋದಾಗ ವಿದ್ಯುತ್ ತೆಗೆಯಬೇಡಿ, ರೀಸೆಟ್ ಮಾಡಿ ಎನ್ನುತ್ತೇನೆ. ವಿದ್ಯುತ್ ಕಡಿಯದ ರೀಸೆಟ್‌ನಲ್ಲಿ ಬ್ಯಾಂಕ್‌ಗಳ ಬರಹ ಉಳಿದಿರುತ್ತದೆ, ಕರ್ನೆಲ್‌ಗಿಂತ ಮೊದಲು ಓಡುವ ಫರ್ಮ್‌ವೇರ್ ಅಳಿಸಿರದಿದ್ದರೆ ಮುಂದಿನ ಬೂಟ್‌ನಲ್ಲಿ ಕರ್ನೆಲ್ ಅದನ್ನು ಓದಿ ಲಾಗ್‌ಗೆ ಸೇರಿಸುತ್ತದೆ.