ಒಂದೇ ದಿನದ ಎರಡು ತೀರ್ಪು, ಸಂಡೂರಿನ ಧೂಳು

2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟಿನ ಒಂದೇ ಪೀಠ ಗಣಿಗಾರಿಕೆಯ ಎರಡು ಪ್ರಕರಣಗಳಲ್ಲಿ ತೀರ್ಪು ನೀಡಿತು. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ತೆಗೆಯುವ ಪ್ರಸ್ತಾವದಿಂದ ಅಲ್ಲಿನ ಬುಡಕಟ್ಟು ಜನರ ಹಕ್ಕುಗಳಿಗೆ ಧಕ್ಕೆಯಾಗುತ್ತದೆಯೇ ಎಂಬುದನ್ನು ಗ್ರಾಮಸಭೆಗಳೇ ಪರಿಶೀಲಿಸಬೇಕೆಂದು ಒಂದು ತೀರ್ಪು ಹೇಳಿತು. ಅದೇ ವರ್ಷ ಸಭೆ ನಡೆದ 12 ಗ್ರಾಮಗಳೂ ಗಣಿ ಬೇಡವೆಂದವು. ಇನ್ನೊಂದು ನಮ್ಮ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರಿನದು.

ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಹೂಡಿದ ಆ ಮೊಕದ್ದಮೆಯಿಂದ ಆದ ಒಳಿತು ಸಣ್ಣದಲ್ಲ. 2011ರಲ್ಲೇ ಬಳ್ಳಾರಿಯ ಗಣಿಗಳು ನಿಂತವು, ಆಮೇಲೆ ಗಡಿ ಮೀರಿ ಅಗೆದವರ ಗುತ್ತಿಗೆಗಳು ರದ್ದಾದವು, ವಾರ್ಷಿಕ ಉತ್ಪಾದನೆಗೆ ಮಿತಿ ಬಿತ್ತು. ಆದರೆ ಗಣಿಯ ಬುಡದಲ್ಲಿ ಬದುಕುವವರ ಅಭಿಪ್ರಾಯಕ್ಕೆ ನಿಯಮಗಿರಿಯಲ್ಲಿ ಸಿಕ್ಕ ಬೆಲೆ ಬಳ್ಳಾರಿ ಜಿಲ್ಲೆಯ ಗಣಿ ತಾಲ್ಲೂಕು ಸಂಡೂರಿನಲ್ಲಿ ಸಿಗಲಿಲ್ಲ.

ಅದಿರು ಲಾರಿಗಳು ಓಡಾಡುವ ರಸ್ತೆಯ ಬದಿಯ ಹೊಲದಲ್ಲಿ ಒಂದು ಎಲೆಯನ್ನು ಬೆರಳಿನಿಂದ ಒರೆಸಿದರೆ ಸಾಕು, ಅಡಿಯ ಹಸಿರು ಆಗ ಕಾಣುತ್ತದೆ. ಒಡೆದ ಹತ್ತಿಯ ಮೇಲೆ ಕೆಂಧೂಳು ಕೂತರೆ ಬೆಲೆ ಬೀಳುತ್ತದೆ, ಅದೇ ಧೂಳಿನ ಮೇವನ್ನು ದನ ತಿನ್ನುತ್ತದೆ. ಮಳೆಗಾಲದಲ್ಲಿ ಗಣಿಯ ತ್ಯಾಜ್ಯ ಮಣ್ಣಿನ ಗುಡ್ಡೆಗಳು ಕೊಚ್ಚಿ ಹಳ್ಳಗಳಿಗೆ, ಕೆರೆಗಳಿಗೆ ಇಳಿಯುತ್ತವೆ. ಶುದ್ಧ ಗಾಳಿ ಮತ್ತು ನೀರು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ನ್ಯಾಯಾಲಯ 1991ರಲ್ಲೇ ಹೇಳಿದ್ದರೂ, ಆ ಹಕ್ಕನ್ನು ಕೇಳಲು ಇಲ್ಲಿನ ರೈತನಿಗೆ ಇರುವ ಮುಖ್ಯ ವೇದಿಕೆ ಕೇಂದ್ರದ 2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆಯಂತೆ ನಡೆಯುವ ಸಾರ್ವಜನಿಕ ಆಲಿಕೆ ಸಭೆ. ಅಲ್ಲಿ ಆಕ್ಷೇಪಣೆ ದಾಖಲಾಗುತ್ತದೆ, ಆದರೆ ಇಡೀ ಊರು ವಿರೋಧಿಸಿದರೂ ಅನುಮತಿ ತಾನಾಗಿ ನಿಲ್ಲುವುದಿಲ್ಲ. ಕನ್ನಡದಲ್ಲಿ ಸಿಗುವುದು ಆ ಅಧ್ಯಯನದ ವರದಿಯ ಸಾರಾಂಶವಷ್ಟೆ. ಧೂಳಿನ, ನೀರಿನ ಲೆಕ್ಕವಿರುವ ಪುಟಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತವೆ.

ಹಣದ ವಿಷಯದಲ್ಲೂ ಇದೇ ಗತಿ. ಗಣಿ ಕಾಯ್ದೆಯ 2015ರ ತಿದ್ದುಪಡಿಯಂತೆ ಗಣಿ ಸಂತ್ರಸ್ತರ ಹಿತಕ್ಕಾಗಿ ರಚನೆಯಾದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ, ಆ ತಿದ್ದುಪಡಿಗೂ ಮುಂಚಿನ ಗುತ್ತಿಗೆದಾರರು ರಾಜಧನದ ಶೇ. 30ರಷ್ಟನ್ನು ಕಟ್ಟಬೇಕು. ಅದರ ಯೋಜನೆಗಳಿಗೆ ಗ್ರಾಮಸಭೆಯ ಒಪ್ಪಿಗೆ ಕಡ್ಡಾಯವಾಗಿರುವುದು ಸಂವಿಧಾನದ ಐದನೇ ಅನುಸೂಚಿಯ ಬುಡಕಟ್ಟು ಪ್ರದೇಶಗಳಲ್ಲಿ. ಕರ್ನಾಟಕದಲ್ಲಿ ಅಂಥ ಪ್ರದೇಶವೇ ಇಲ್ಲ. ಹೀಗಾಗಿ ಸಂತ್ರಸ್ತರ ಹೆಸರಿನ ಹಣ ಎಲ್ಲಿ ಖರ್ಚಾಗಬೇಕೆಂಬುದು ಜಿಲ್ಲಾ ಕೇಂದ್ರದಲ್ಲಿ ತೀರ್ಮಾನವಾಗುತ್ತದೆ.

2022ರಲ್ಲಿ ಬಳ್ಳಾರಿಯ ವಾರ್ಷಿಕ ಮಿತಿ 280 ಲಕ್ಷ ಟನ್‌ನಿಂದ 350 ಲಕ್ಷ ಟನ್‌ಗೆ ಏರಿತು. ಇನ್ನೊಮ್ಮೆ ಏರಿಸುವುದಾದರೆ ಧೂಳಿನ ಮಾಪನ ಮತ್ತು ಕುಡಿಯುವ ನೀರಿನ ಪರೀಕ್ಷೆಯ ಫಲಿತಾಂಶಗಳನ್ನು ಕನ್ನಡದಲ್ಲಿ ಆಯಾ ಊರಿನ ಗ್ರಾಮಸಭೆಯ ಮುಂದಿಟ್ಟು, ಅದರ ಠರಾವು ಕೈಗೆ ಬಂದ ಮೇಲೆಯೇ ಮುಂದುವರಿಯಬೇಕೆಂದು ರಾಜ್ಯ ಸರ್ಕಾರ ನಿಯಮ ಮಾಡಬೇಕು.