ಕ್ರಿಸ್ಮಸ್ ಟ್ರೀ, ನಾಲ್ಕನೇ ವರ್ಷ: ಕೊನೆಗೂ ಇಟ್ಟಿಗೆ ಸಿಕ್ತು
ಮೂರು ವರ್ಷದಿಂದ ಫೆಬ್ರವರಿ ಬಂತು ಅಂದ್ರೆ ಬಾಲ್ಕನಿ ಕುಂಡದ ನಮ್ಮ ಕ್ರಿಸ್ಮಸ್ ಟ್ರೀದು ಅದೇ ಗೋಳು. ಕೆಳಗಿನ ಸುತ್ತಿನ ಕೊಂಬೆ ಮೊದ್ಲು ಮಂಕಾಗುತ್ತೆ, ಆಮೇಲೆ ಕಂದು, ಏಪ್ರಿಲ್ ಹೊತ್ತಿಗೆ ಬಟ್ಟೆ ಒಣಹಾಕೋಕೆ ಹೋದವರ ಮೊಣಕೈ ತಾಕಿದ್ರೂ ಸಾಕು ಕಳಚ್ಕೊಂಡು ಬೀಳುತ್ತೆ. ಅರಾಕೇರಿಯಾ (ನರ್ಸರೀಲಿ ಕ್ರಿಸ್ಮಸ್ ಟ್ರೀ ಅಂತ ಮಾರೋ ಗಿಡದ ಅಸಲಿ ಹೆಸರು) ಸಾಕಿದವರಿಗೆ ಗೊತ್ತಲ್ಲ, ಕೆಳಗಿನ ಸುತ್ತು ಹೋದ್ರೆ ಹೋಯ್ತು, ಆ ಜಾಗದಲ್ಲಿ ಇನ್ನೊಂದು ಬರಲ್ಲ. ತಂದಾಗ ಏಳು ಸುತ್ತಿತ್ತು, ನಾಲ್ಕು ಉದುರಿದೆ. "ಇದು ಟ್ರೀ ಅಲ್ಲ ಕಣೋ, ನಿಲ್ಲಿಸಿಟ್ಟ ಪೊರಕೆ, ಕಿತ್ತಾಕಿ ಕರಿಬೇವು ಹಾಕು" ಅಂತ ಅಮ್ಮ ಹೋದ ಈಸ್ಟರ್‌ಗೇ ತೀರ್ಪು ಕೊಟ್ಟಾಗಿತ್ತು.

ಬೇವಿನೆಣ್ಣೆ, ನೆರಳುಬಲೆ, ಬೋರ್ ನೀರು ಬಿಟ್ಟು ಕಾವೇರಿ ನೀರು, ಎಲ್ಲಾ ಮಾಡಿಯಾಯ್ತು. ಯಾರನ್ನ ಕೇಳಿದ್ರೂ ಒಂದೇ ಮಾತು, ನೀರು ಜಾಸ್ತಿ ಆಗಿದೆ. ನನಗೂ ಹಂಗೇ ಅನ್ಸಿತ್ತು, ಯಾಕಂದ್ರೆ ಕುಂಡದ ಅಂಚಲ್ಲಿ ಬೆರಳು ಚುಚ್ಚಿದ್ರೆ ಯಾವಾಗ್ಲೂ ತಣ್ಣಗೆ, ಒದ್ದೆ. ಸರಿ ಅಂತ ನೀರು ಕಮ್ಮಿ ಮಾಡಿದೆ, ಇನ್ನೂ ಬೇಗ ಒಣಗ್ತು. ಅದಕ್ಕೆ ಇನ್ನೂ ಕಮ್ಮಿ ಮಾಡಿದೆ! ಈಗ ನೆನಸ್ಕೊಂಡ್ರೆ ನಗು ಬರುತ್ತೆ, ಆಗ ಬರ್ತಿರಲಿಲ್ಲ.

ಜೂನ್‌ನಲ್ಲಿ ಮಳೆ ಹಿಡ್ಕೊಂಡ ಮೇಲೆ, ಸತ್ತರೆ ಸಾಯ್ಲಿ ಅಂತ ಕುಂಡ ಮಗ್ಗುಲಾಗಿ ಮಲಗಿಸಿ ಗಿಡ ಎಳೆದೆ. ನಾನು ಹಾಕಿದ್ದ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಎಲ್ಲಾ ಒದ್ದೆಯಾಗಿ ಉದುರಿ ಹೋಯ್ತು, ಕೈಯಲ್ಲಿ ಉಳಿದಿದ್ದು ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದೊಂದು ಕೆಮ್ಮಣ್ಣಿನ ಉಂಡೆ. ಮೊದಲನೇ ವರ್ಷ ನರ್ಸರಿಯಿಂದ ಹೆಂಗೆ ಬಂದಿತ್ತೋ ಹಂಗೇ ಇದೆ, ಹಸ್ತದ ಗುರುತು ಸಮೇತ. ತಟ್ಟಿದ್ರೆ ಟಣ್ ಅನ್ನುತ್ತೆ. ಸ್ಕ್ರೂಡ್ರೈವರ್ ಚುಚ್ಚಿದೆ, ಅರ್ಧ ಇಂಚೂ ಹೋಗ್ಲಿಲ್ಲ. ಒಳಗೆ ಹಿಟ್ಟಿನ ಥರ ಒಣ ಧೂಳು. ಸುತ್ತ ಕೆಸರು, ನಡುವೆ ಇಟ್ಟಿಗೆ, ಬೇರು ಪೂರ್ತಿ ಇಟ್ಟಿಗೆ ಒಳಗೆ.

ಆಗಿದ್ದು ಇಷ್ಟೇ. ಜೇಡಿ ಒಣಗಿ ಕುಗ್ಗಿದೆ, ಪಕ್ಕದಲ್ಲಿ ಸಂದು ಬಿದ್ದಿದೆ, ಮೇಲೆ ಕೋಕೋಪೀಟ್ ಮುಚ್ಚಿದ್ದರಿಂದ ಕಣ್ಣಿಗೆ ಬಿದ್ದಿಲ್ಲ. ಹಾಕಿದ ನೀರೆಲ್ಲ ಆ ಸಂದಿಯಲ್ಲಿ ಜಾರಿ ತಟ್ಟೆಗೆ ಬರ್ತಿತ್ತು, ನಾನು "ಆಹಾ ಡ್ರೈನೇಜ್ ಚೆನ್ನಾಗಿದೆ" ಅಂತ ಖುಷಿ ಪಡ್ತಿದ್ದೆ. ಆಸ್ಟ್ರೇಲಿಯಾದ ಪೂರ್ವಕ್ಕಿರೋ ನಾರ್ಫೋಕ್ ದ್ವೀಪದ ಕಡಲ ಗಾಳಿ ಕುಡಿಯೋ ಜಾತಿ ಇದು, ಬೆಂಗಳೂರಿನ ಫೆಬ್ರವರಿ ಒಣಗಾಳಿಗೆ ಸಿಕ್ಕಿ ಬೇರಿಗೆ ನೀರೂ ಇಲ್ಲ ಅಂದ್ರೆ ಕೊಂಬೆ ಬಿಸಾಕದೆ ಇನ್ನೇನ್ ಮಾಡುತ್ತೆ.

ಬಕೆಟ್‌ನಲ್ಲಿ ಮುಳುಗಿಸಿದೆ. ಮುಕ್ಕಾಲು ಗಂಟೆ ಗುಳುಗುಳು ಅಂತ ಗುಳ್ಳೆ ಬರ್ತಾನೇ ಇತ್ತು, ಕೊನೆಗೆ ಉಂಡೆ ಒಂದು ಕಡೆ ಕುಸಿದು ಒಳಗಿಂದ ಕಪ್ಪು ಪ್ಲಾಸ್ಟಿಕ್ ಇಣುಕಿತು! ಸಸಿ ಕವರ್ರು. ದೊಡ್ಡ ಚೀಲಕ್ಕೆ ಹಾಕುವಾಗ ಬಿಚ್ಚದೆ ಪಕ್ಕದಲ್ಲಿ ಒಂದು ಗೀರು ಎಳೆದು ಹಾಗೇ ಇಳಿಸಿದ್ದಾರೆ ಪುಣ್ಯಾತ್ಮರು. ಅದರೊಳಗೆ ಒಂದಲ್ಲ, ಮೂರು ಗಿಡ. ಪೊದೆಯಾಗಿ ಕಾಣ್ಲಿ ಅಂತ ಮೂರು ಸಸಿ ಒಟ್ಟಿಗೆ ನೆಟ್ಟು ಒಂದೇ ಮರ ಅಂತ ಮಾರಿದ್ದು. ಎಂಟುನೂರು ರೂಪಾಯಿಗೆ ಮೂರು ಸಿಕ್ತು ಅಂತ ಖುಷಿ ಪಡ್ಲಾ, ಅಳ್ಲಾ ಗೊತ್ತಾಗ್ಲಿಲ್ಲ.

ಅರಾಕೇರಿಯಾ ಬೇರು ಕೆದಕಿದ್ರೆ ಮುನಿಸ್ಕೊಳ್ಳುತ್ತೆ ಅಂತ ಪೂರ್ತಿ ಮಣ್ಣು ತೊಳೀಲಿಲ್ಲ. ಬಿದಿರು ಕಡ್ಡೀಲಿ ಹೊರಗಿನ ಮೂರನೇ ಒಂದು ಭಾಗ ಮಾತ್ರ ಬಿಡಿಸಿ, ಕವರ್ ಕತ್ತರಿಸಿ ತೆಗೆದೆ. ಈ ಸಲ ಬರೀ ಕೋಕೋಪೀಟ್ ಅಲ್ಲ, ಅದೇ ಕೆಮ್ಮಣ್ಣು ಒಂದು ಪಾಲು, ದಪ್ಪ ಮರಳು ಒಂದು, ಗೊಬ್ಬರ ಒಂದು. ಒಳಗೂ ಹೊರಗೂ ಮಣ್ಣಿನ ಸ್ವಭಾವ ಹತ್ತಿರ ಇದ್ರೆ ತಾನೇ ನೀರು ಗಡಿ ದಾಟೋದು. ಪರ್ಲೈಟ್ (ಮಣ್ಣು ಸಡಿಲ ಇರಲಿ ಅಂತ ಬೆರೆಸೋ ಹಗುರ ಬಿಳಿ ಹರಳು) ಹಾಕೋಣ ಅಂತ ಆನ್‌ಲೈನ್‌ನಲ್ಲಿ ತರಿಸಿದ್ದೆ, ಬಂದ ಚೀಲದಲ್ಲಿ ಅರ್ಧ ಪುಡಿ, ರಂಗೋಲಿಗೆ ಆಗುತ್ತೆ ಅಷ್ಟೇ.

ಬೆರಳ ಮೇಲೆ ನಂಬಿಕೆ ಹೋಯ್ತು. ಮನೇಲಿ ನಿಂತು ತೂಕ ನೋಡೋ ಮಿಷನ್ ಇತ್ತು, ಕುಂಡಾನೇ ಹತ್ತಿಸಿದೆ. ಚೆನ್ನಾಗಿ ನೆಂದಾಗ 19 ಕೆಜಿ, 16ಕ್ಕೆ ಇಳಿದ್ರೆ ನೀರು. ತೂಕ ಸುಳ್ಳು ಹೇಳಲ್ಲ, ನನ್ನದು ನೋಡಿದಾಗ್ಲೂ ಹೇಳಲ್ಲ, ಅದು ಬೇರೆ ವಿಷಯ. ಸೆಪ್ಟೆಂಬರ್‌ನಲ್ಲಿ ತುದಿ ಉಬ್ಬಿ ನಕ್ಷತ್ರದ ಥರ ಐದು ಎಳೆ ಕೊಂಬೆ ಬಿಚ್ಕೊಂಡ್ವು, ತಿಳಿಹಸಿರು, ಮುಟ್ಟಿದ್ರೆ ಬೆಕ್ಕಿನ ಮರಿ ಕಿವಿ ಹಂಗೆ. ಕೆಳಗಿಂದ ಆಮೇಲೆ ಒಂದೂ ಉದುರಿಲ್ಲ.

ಮರ ಮಾತ್ರ ದಕ್ಷಿಣಕ್ಕೆ ವಾಲ್ತಾ ಇದೆ. ವಾರವಾರ ಕುಂಡ ತಿರುಗಿಸಿದ್ರೂ ಅಷ್ಟೇ. ಇದು ನಾರ್ಫೋಕ್ ದ್ವೀಪದ ಜಾತಿ ಅಲ್ವೇನೋ, ಅದರ ದಾಯಾದಿ ಕುಕ್ ಪೈನ್ ಇರಬಹುದು, ನರ್ಸರಿಗಳು ಎರಡಕ್ಕೂ ಕ್ರಿಸ್ಮಸ್ ಟ್ರೀ ಅಂತಾನೇ ಹೆಸರಿಡ್ತಾರೆ. ಕುಕ್ ಪೈನ್ ಎಲ್ಲೇ ನೆಟ್ಟರೂ ಸಮಭಾಜಕ ವೃತ್ತದ ಕಡೆ ವಾಲುತ್ತೆ ಅಂತ 2017ರಲ್ಲಿ ಅಳೆದು ತೋರಿಸಿದ್ದಾರೆ, ಸರಾಸರಿ ಎಂಟೂವರೆ ಡಿಗ್ರಿ. ಲಾಲ್‌ಬಾಗ್‌ಗೆ ಹೋಗಿ ಅಲ್ಲಿನ ದೊಡ್ಡ ಮರಗಳ ಕೆಳಗೆ ನಿಂತು ಮೊಬೈಲ್ ದಿಕ್ಸೂಚಿ ಹಿಡೀಬೇಕು ಅಂತಿದೀನಿ.

ಅದಕ್ಕೂ ಮೊದ್ಲು ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಅಲಂಕಾರ) ಕೆಲಸ. ಹುಲ್ಲಿಗೆ ಪ್ಲಾಸ್ಟಿಕ್ ಬೇಡ ಅಂತ ಟ್ರೇಲಿ ರಾಗಿ ಚೆಲ್ಲೋದು, ಹೋದ ಸಲ ಡಿಸೆಂಬರ್ 1ಕ್ಕೇ ಚೆಲ್ಲಿ ಹಬ್ಬದ ಹೊತ್ತಿಗೆ ಕುರಿಗಳು ಕಾಣಿಸದಂಗೆ ಬೆಳೆದು ಮಲಗಿತ್ತು, ಈ ಸಲ 13ಕ್ಕೆ. ಟ್ರೀ 22ಕ್ಕೆ ಒಳಗೆ, ಜನವರಿ 6ಕ್ಕೆ ವಾಪಸ್ ಬಾಲ್ಕನಿಗೆ. ಒಂದಿನವೂ ಜಾಸ್ತಿ ಇಲ್ಲ.

ಮೂರು ಗಿಡದಲ್ಲಿ ಸಣ್ಣದು ಬಿಡಿಸುವಾಗ ಬುಡದಲ್ಲೇ ಮುರೀತು. ಅದರ ನೆತ್ತಿ ಕತ್ತರಿಸಿ ಬಾಟಲಿ ಕವುಚಿ ನೆಟ್ಟಿದೀನಿ. ನೆತ್ತಿ ಬೇರು ಬಿಟ್ರೆ ನೆಟ್ಟಗೆ ಮರ, ಪಕ್ಕದ ಕೊಂಬೆ ನೆಟ್ಟರೆ ಜನ್ಮವಿಡೀ ಅಡ್ಡಡ್ಡ ಬೆಳೆಯುತ್ತೆ. ಅದನ್ನೂ ಒಂದು ನೆಟ್ಟಿದೀನಿ, ಬೇಕಂತಲೇ. ಆರು ತಿಂಗಳಾಯ್ತು, ಎರಡೂ ಹಸಿರಾಗೇ ಇವೆ, ಎಳೆದು ನೋಡೋ ಧೈರ್ಯ ಇನ್ನೂ ಬಂದಿಲ್ಲ.