‘ಬ್ರಿಟಿಷರು ರೊಕ್ಕ ಹಾಕಲಿಲ್ಲಂದ್ರ ಆ ಕಲ್ಲಿದ್ದಲು ಯಾರ್ ತೆಗೀತಿದ್ರು?’

ತೆಲಂಗಾಣದ ಕಲ್ಲಿದ್ದಲು ಗಣಿ ಕಂಪನಿ ಸಿಂಗರೇಣಿಯ ಹೆಸರು ನನ್ನ ಬಾಯಿಂದ ಬಿದ್ದರೆ ಸಾಕು, ಎದುರಿಗೆ ಯಾರೇ ಇರಲಿ, ಐದು ನಿಮಿಷದೊಳಗೆ ಮೇಲಿನ ಪ್ರಶ್ನೆ ಬಂದೇ ಬರುತ್ತದೆ. ಕಾಲೇಜಿನವರು ಭಾಷಣಕ್ಕೆ ಕರೆದು ಕೇಳಿದ್ದಾರೆ. ರಿಟರ್ನ್ ತುಂಬಿಸಲು ಬಂದವರು ಕೇಳಿದ್ದಾರೆ. ಹಲ್ಲಿನ ಡಾಕ್ಟರು ನನ್ನ ಬಾಯಿಗೆ ಹತ್ತಿ ತುರುಕಿಟ್ಟು, ಉತ್ತರ ಹೇಳಲಾರನೆಂದು ಖಾತ್ರಿಯಾದ ಮೇಲೆ ಕೇಳಿದ್ದಾರೆ. ನನ್ನ ಹೊಟ್ಟೆಪಾಡು ಆಡಿಟ್. ಹೈದರಾಬಾದ್ ಸಂಸ್ಥಾನದ ಹಳೆಯ ಕಂಪನಿಗಳ ಲೆಕ್ಕ ಓದುವುದು ಚಟ. ಒಂದು ಚಟಕ್ಕೆ ಇಷ್ಟೊಂದು ವಿಚಾರಣೆ ಇರುತ್ತದೆಂದು ಮೊದಲೇ ಗೊತ್ತಿದ್ದರೆ ಇಸ್ಪೀಟು ಕಲಿಯುತ್ತಿದ್ದೆ. ಇನ್ನು ಬಾಯಿಮಾತಿನಲ್ಲಿ ಹೇಳುವುದಿಲ್ಲ. ಕೇಳಿದವರಿಗೆ ಇದನ್ನೇ ಕೊಟ್ಟು ಓದಿಕೊಳ್ಳಿ ಎನ್ನುತ್ತೇನೆ.

ಚಿಕ್ಕ ಉತ್ತರ ಬೇಕಾದವರಿಗೆ: ಯಾರಾದರೂ ತೆಗೆಯುತ್ತಿದ್ದರು. ಬಂಗಾಳದ ರಾಣಿಗಂಜ್ ಗಣಿಯನ್ನು 1836ರಲ್ಲಿ 70 ಸಾವಿರ ರೂಪಾಯಿಗೆ ಕೊಂಡದ್ದು ಬಂಗಾಳಿ ಉದ್ಯಮಿ ದ್ವಾರಕಾನಾಥ ಠಾಕೂರರು ಪಾಲುದಾರರಾಗಿದ್ದ ಕಾರ್, ಠಾಕೂರ್ ಅಂಡ್ ಕಂಪನಿ. ಅದರ ಹಿಂದಿನ ಮಾಲೀಕರಾದ ಅಲೆಕ್ಸಾಂಡರ್ ಕಂಪನಿ ಎಂಬ ಬ್ರಿಟಿಷ್ ಮನೆ ದಿವಾಳಿ ಎದ್ದಿತ್ತು. 1843ರಲ್ಲಿ ಠಾಕೂರರು ಪಕ್ಕದ ಪ್ರತಿಸ್ಪರ್ಧಿಯ ಗಣಿಯನ್ನೂ ಕೂಡಿಸಿಕೊಂಡು ಬೆಂಗಾಲ್ ಕೋಲ್ ಕಂಪನಿ ಕಟ್ಟಿದರು. ಮುಂದೆ ಠಾಕೂರರ ಸಂಸ್ಥೆಯೂ ಮುಳುಗಿತು, ಅದು ಬೇರೆ ಮಾತು. ಕೂಲಿಯವನಿಗೆ ಠಾಕೂರರ ಗಣಿ ಸ್ವರ್ಗವಾಗಿತ್ತೆಂದೂ ನಾನು ಹೇಳುತ್ತಿಲ್ಲ. ಕಲ್ಲಿದ್ದಲಿಗೆ ಹಾಕುವ ದುಡ್ಡಿಗೆ ಲಂಡನ್ನಿನ ಸೀಲೇ ಬೇಕಿತ್ತು ಎಂಬ ಮಾತು ಮಾತ್ರ ನಿಲ್ಲುವುದಿಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ನನಗೆ ಸಿಟ್ಟು ಬರುವುದು ‘ರೊಕ್ಕ ಹಾಕಲಿಲ್ಲಂದ್ರ’ ಎಂಬಲ್ಲಿ. ಹಾಕಿದರು ಎಂದು ನಿಮಗೆ ಯಾರು ಹೇಳಿದರು?

ಹೋದ ವರ್ಷ ನೆಂಟರ ಮನೆಯ ಕುಬಸದ ಊಟದಲ್ಲಿ ಬೀಗರ ಕಡೆಯ ಹಿರಿಯರೊಬ್ಬರು ನನ್ನ ಪಕ್ಕದ ಎಲೆಗೆ ಕೂತರು. ರಾಯಚೂರಿನ ಶಕ್ತಿನಗರದ ಥರ್ಮಲ್ ಸ್ಥಾವರದಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು. ಅಲ್ಲಿಗೆ ಕಲ್ಲಿದ್ದಲು ಬರುವುದು ಬಹುಪಾಲು ಸಿಂಗರೇಣಿಯಿಂದ. ‘ಆಡಿಟರ್ ಸಾಹೇಬ್ರ, ಜೀವಮಾನ ಪೂರ್ತಿ ನಾ ಸಿಂಗರೇಣಿ ಮಾಲ್ ಸುಟ್ಟೀನ್ರಿ’ ಎಂದು ಶುರುಮಾಡಿದರು. ಅದು ಅರ್ಹತೆಯ ಮಾತು, ಒಪ್ಪೋಣ. ಆಮೇಲೆ: ‘ಹತ್ತು ಲಕ್ಷ ಪೌಂಡ್ರೀ! ಆ ಕಾಲಕ್ಕ! ಇಂಗ್ಲೆಂಡಿನಾಗ ಕೂಡಿಸಿ ತಂದು ಇಲ್ಲಿ ಭೂಮಿಗೆ ಸುರುವಿದ್ರು. ನಿಮ್ಮ ಸಾಹುಕಾರ್ರು ಹತ್ತು ರೂಪಾಯಿ ಬಿಚ್ಚತಿದ್ರೇನು?’ ಸುತ್ತಲಿನವರು ನಕ್ಕರು. ‘ನಿಮ್ಮ ಸಾಹುಕಾರ್ರು’ ಎಂದದ್ದು ಯಾಕೋ ತಿಳಿಯಲಿಲ್ಲ, ನಮ್ಮ ಮನೆತನದಲ್ಲಿ ಸಾಹುಕಾರರು ಯಾರೂ ಇಲ್ಲ.

ಎಣಗಾಯಿ ಮುಟ್ಟದೆ, ಎಡಗೈಯಲ್ಲಿ ಆಮಂತ್ರಣ ಪತ್ರಿಕೆ ಹಿಡಿದು, ಅದರ ಬೆನ್ನ ಮೇಲೆ ನಾನು ಬರೆದು ತೋರಿಸಿದ ಲೆಕ್ಕ ಇದು.

1871ರಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣೆಯ ಡಾಕ್ಟರ್ ವಿಲಿಯಂ ಕಿಂಗ್ ಇಂದಿನ ತೆಲಂಗಾಣದ ಯಲ್ಲಂದು ಬಳಿ, ಅಂದರೆ ಸಿಂಗರೇಣಿ ಗಣಿಗಳ ಮೂಲ ಜಾಗದಲ್ಲಿ, ಕಲ್ಲಿದ್ದಲು ಕಂಡುಹಿಡಿದ. ಜಾಗ ನಿಜಾಮರದು. 1886ರ ಆರಂಭದಲ್ಲಿ ಸಂಸ್ಥಾನದ ಖನಿಜಗಳ ಮೇಲಿನ ಹಕ್ಕು ಒಂದು ಕರಾರಿನ ಮೂಲಕ, ಗಣಿ ನಡೆಸುವುದಾದರೆ 99 ವರ್ಷಕ್ಕೆ, ವಾಟ್ಸನ್ ಮತ್ತು ಸ್ಟೀವರ್ಟ್ ಎಂಬ ಇಬ್ಬರು ಇಂಗ್ಲಿಷರಿಗೆ ಹೋಯಿತು. ಅದೇ ವರ್ಷ ಆ ಹಕ್ಕನ್ನು ಇಟ್ಟುಕೊಂಡು ಲಂಡನ್ನಿನಲ್ಲಿ ಹೈದರಾಬಾದ್ (ಡೆಕ್ಕನ್) ಕಂಪನಿ ಹುಟ್ಟಿತು. ಬಂಡವಾಳ ಹತ್ತು ಲಕ್ಷ ಪೌಂಡ್. ತಲಾ 10 ಪೌಂಡಿನ ಒಂದು ಲಕ್ಷ ಷೇರು. ಇಲ್ಲಿಯವರೆಗೆ ಎಂಜಿನಿಯರ್ ಸಾಹೇಬರು ಸರಿ.

ಈ ಒಂದು ಲಕ್ಷದಲ್ಲಿ 85 ಸಾವಿರ ಷೇರು ವಾಟ್ಸನ್ ಮತ್ತು ಸ್ಟೀವರ್ಟ್ ಕಡೆಗೇ ಹೋದವು. ಪೂರ್ತಿ ಹಣ ಸಂದಾಯವಾದ ಷೇರುಗಳೆಂದು ಬರೆದು ಕೊಟ್ಟರು. ಸಂದಾಯವಾದ ಹಣ ಎಲ್ಲಿ? ಇಲ್ಲ. ಹಕ್ಕುಪತ್ರ ತಂದು ಕಂಪನಿಗೆ ಮಾರಿದ್ದಕ್ಕೆ ಅದು ಬೆಲೆ. ಎಂಟೂವರೆ ಲಕ್ಷ ಪೌಂಡ್ ಎಂಬ ಅಂಕಿ ಕಾಗದದ ಮೇಲೆ ಹುಟ್ಟಿ ಕಾಗದದ ಮೇಲೇ ಉಳಿಯಿತು. ಗಣಿ ತೋಡಲಿಕ್ಕೆ, ಪಂಪು ಬಾಯ್ಲರ್ ತರಲಿಕ್ಕೆ, ಸಂಬಳ ಕೊಡಲಿಕ್ಕೆ ಉಳಿದದ್ದು 15 ಸಾವಿರ ಷೇರಿನಿಂದ ಬರಬೇಕಾದ ದುಡ್ಡು. ಅದನ್ನೂ ಒಂದೇ ಏಟಿಗೆ ಪೂರ್ತಿ ವಸೂಲು ಮಾಡಿರಲಿಲ್ಲ. ಈಗಿನ ಹುಡುಗರಿಗೆ ಬೇಗ ತಿಳಿಯುತ್ತದೆ. ಐಪಿಒ ಬಂದಾಗ ಫ್ರೆಶ್ ಇಶ್ಯೂ (ಕಂಪನಿಗೆ ಬರುವ ಹೊಸ ದುಡ್ಡು) ಎಷ್ಟು, ಆಫರ್ ಫಾರ್ ಸೇಲ್ (ಹಳೆಯ ಷೇರುದಾರರ ಜೇಬಿಗೆ ಹೋಗುವ ದುಡ್ಡು) ಎಷ್ಟು ಎಂದು ಅವರೇ ಮೊದಲು ನೋಡುತ್ತಾರೆ. ಅದೇ ಹುಡುಗರು ಇತಿಹಾಸಕ್ಕೆ ಬಂದ ಕೂಡಲೇ ‘ಬ್ರಿಟಿಷ್ ಬಂಡವಾಳ’ ಎಂದು ಕೈ ಮುಗಿಯುವುದು ನನಗೆ ಅರ್ಥವಾಗದ ವಿಷಯ.

ಸಾಹೇಬರು ಸುಲಭಕ್ಕೆ ಬಿಡಲಿಲ್ಲ. ‘ಪ್ರಮೋಟರ್ ಅಂದ ಮ್ಯಾಲ ಪಾಲು ತಗೋತಾನ್ರಿ. ಪುಕ್ಕಟೆ ಯಾಂವ್ ದುಡೀತಾನ?’ ಅಂದರು. ನ್ಯಾಯವಾದ ಮಾತು. ಕಾಡಿನ ನಡುವೆ ಗಣಿ, ರೈಲು ಇನ್ನೂ ಮುಟ್ಟಿಲ್ಲ, ಇಂಗ್ಲೆಂಡಿನಿಂದ ಎಂಜಿನಿಯರ್ ಕರೆಸಬೇಕು. ಅಪಾಯ ಹೊತ್ತವನು ಲಾಭ ತಿನ್ನಲಿ. ಆದರೆ ಯಾರು ಹೊತ್ತರು?

ಇಲ್ಲಿ ಅಬ್ದುಲ್ ಹಕ್ ಬರುತ್ತಾನೆ. ಸರ್ದಾರ್ ದಿಲೇರ್ ಜಂಗ್ ಎಂಬ ಬಿರುದು, ನಿಜಾಮರ ಸರ್ಕಾರದಲ್ಲಿ ದೊಡ್ಡ ಹುದ್ದೆ, ಲಂಡನ್ನಿನಲ್ಲಿ ಸಂಸ್ಥಾನದ ಪರವಾಗಿ ವ್ಯವಹಾರ ಕುದುರಿಸುವ ಅಧಿಕಾರ. ಗಣಿ ಕರಾರಿನ ಹಿಂದೆ ಓಡಾಡಿದವನೂ ಅವನೇ. ಆ 85 ಸಾವಿರ ಷೇರುಗಳಲ್ಲಿ ಅವನದೂ ಗುಟ್ಟಿನ ಪಾಲಿತ್ತು. ಕಂಪನಿ ಷೇರಿನ ಬೆಲೆ ಮಾರುಕಟ್ಟೆಯಲ್ಲಿ ಏರಿದ ಮೇಲೆ, ನಿಜಾಮರ ಸರ್ಕಾರವೂ ಈ ಕಂಪನಿಯಲ್ಲಿ ಷೇರು ಹಿಡಿಯಬೇಕು ಎಂಬ ಯೋಜನೆ ಎದ್ದಿತು. ಸರ್ಕಾರದ ಪರವಾಗಿ ಕೊಂಡವನು ಅಬ್ದುಲ್ ಹಕ್. 10 ಪೌಂಡಿನ ಷೇರಿಗೆ 12 ಪೌಂಡ್. ಮಾರಿದವನು? ಅದೂ ಅವನೇ. ಪುಕ್ಕಟೆ ಬಂದ ಷೇರು! ನಿಮ್ಮ ಸೈಟಿಗೆ ಮುಖ್ತಿಯಾರ್‌ನಾಮೆ ಬರೆಸಿಕೊಂಡ ಏಜೆಂಟನು ಅದರಲ್ಲಿ ಒಂದು ಮೂಲೆ ತನ್ನ ಹೆಸರಿಗೆ ಮಾಡಿಕೊಂಡು, ಮರುವರ್ಷ ಆ ಮೂಲೆಯನ್ನು ಹೆಚ್ಚಿನ ರೇಟಿಗೆ ನಿಮಗೇ ಮಾರಿ, ‘ನಿಮಗಂತ ಕಮ್ಮಿ ಮಾಡಿಸೀನ್ರಿ’ ಎಂದಂತೆ.

1888ರಲ್ಲಿ ಇದು ಹೊರಬಿತ್ತು. ಲಂಡನ್ನಿನ ಪಾರ್ಲಿಮೆಂಟಿನ ಕಾಮನ್ಸ್ ಸಭೆಯೇ ಸಮಿತಿ ಕೂಡಿಸಿ ವಿಚಾರಣೆ ಮಾಡಿತು. ಅಬ್ದುಲ್ ಹಕ್ ಅಮಾನತಾದ. ಬ್ರಿಟಿಷರ ಮೇಲಿನ ಆಪಾದನೆಯನ್ನು ಬ್ರಿಟಿಷರೇ ಬರೆದಿಟ್ಟ ಸಾಕ್ಷ್ಯದಿಂದ ನಾನು ಹೇಳುತ್ತಿದ್ದೇನೆ, ಆದರೂ ನನ್ನನ್ನು ‘ಬ್ರಿಟಿಷ್ ದ್ವೇಷಿ’ ಎನ್ನುವವರಿದ್ದಾರೆ. ಇನ್ನೊಂದು ಕಡೆಯವರು ‘ನೋಡಿ, ಕಳ್ಳ ನಮ್ಮವನೇ’ ಎಂದು ಖುಷಿಪಡುತ್ತಾರೆ. ಇಬ್ಬರೂ ಲೆಕ್ಕದ ಪುಟ ತಿರುಗಿಸಿಲ್ಲ. ಹಕ್‌ನ ಪಾಲು ಕಳೆದ ಮೇಲೂ ಆ ರಾಶಿಯಲ್ಲಿ ದೊಡ್ಡ ಭಾಗ ಉಳಿಯುತ್ತದೆ. ಅದನ್ನು ಕಳವು ಎಂದು ಯಾರೂ ಕರೆಯಲಿಲ್ಲ, ಕಂಪನಿ ಸ್ಥಾಪನೆ ಎಂದು ಕರೆದರು.

ಸಾಹೇಬರು ಆಮಂತ್ರಣ ಪತ್ರಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿ, ‘ಹೋಳಿಗಿ ಬಂತು ನೋಡ್ರಿ’ ಎಂದರು. ಆ ಹೊತ್ತಿನ ಚರ್ಚೆ ಅಲ್ಲಿಗೆ ಮುಗಿಯಿತು.

ಕಲ್ಲಿದ್ದಲು ಬರಲೇ ಇಲ್ಲವೇ ಅಂದರೆ, ಬಂತು. ಸುಳ್ಳು ಯಾಕೆ ಹೇಳಲಿ. 1889ರಿಂದ ಉತ್ಪಾದನೆ ನಡೆದಿದೆ, ಇಂದಿಗೂ ನಡೆದಿದೆ. ಆದರೆ ಗಣಿಯಿಂದ ಕಲ್ಲಿದ್ದಲು ಹೊರಗೆ ಬಂದರೆ ಸಾಲದು, ಗಿರಾಕಿಯ ತನಕ ಹೋಗಬೇಕು. ಅದಕ್ಕೆ ರೈಲು. ಡೋರ್ನಕಲ್‌ನಿಂದ ಯಲ್ಲಂದುವಿಗೆ 1888ರಲ್ಲಿ ಕವಲು ದಾರಿ, 1889ರಲ್ಲಿ ಬೆಜವಾಡದ (ಇಂದಿನ ವಿಜಯವಾಡ) ತನಕ ಮುಖ್ಯ ದಾರಿ. ಈ ರೈಲಿನ ಕಂಪನಿಯೂ ಲಂಡನ್ನಿನದೇ, 1883ರ ಕರಾರು. ಅದರ ಹೆಸರಿನಲ್ಲೇ ಗುಟ್ಟಿದೆ: ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ. ಹಾಕಿದ ಬಂಡವಾಳಕ್ಕೆ 20 ವರ್ಷ ನೂರಕ್ಕೆ 5ರ ಬಡ್ಡಿಗೆ ನಿಜಾಮರ ಖಜಾನೆ ಜಾಮೀನು. ರೈಲು ಗಳಿಸಿದರೆ ಸರಿ, ಗಳಿಸದಿದ್ದರೆ ಕೊರೆ ಬಿದ್ದದ್ದನ್ನು ಖಜಾನೆ ತುಂಬಿಕೊಡಬೇಕು. ಅಪಾಯ ಹೊತ್ತವರು ಯಾರು ಎಂದು ಕೇಳಿದೆನಲ್ಲ, ಇವರು. ಇದಕ್ಕೂ ಮೊದಲು 1874ರಲ್ಲಿ ನಮ್ಮ ವಾಡಿಯಿಂದ ಸಿಕಂದರಾಬಾದಿಗೆ ಹಾಕಿದ ದಾರಿಯಂತೂ ನಿಜಾಮರ ಖರ್ಚಿನದೇ. ವಾಡಿ ಸ್ಟೇಷನ್ನಿನಲ್ಲಿ ಚಹಾ ಕುಡಿಯುತ್ತಾ ‘ಬ್ರಿಟಿಷರು ರೈಲು ಕೊಟ್ಟರು’ ಎನ್ನುವವರು ಇದನ್ನು ಗಮನಿಸಬೇಕು.

1883ರ ಆ ರೈಲು ಕರಾರು ಆಗುವಾಗ ಹೈದರಾಬಾದಿನಲ್ಲಿ ಕೆಲವರು ಎದ್ದು ನಿಂತು, ಷರತ್ತುಗಳೇನು, ಭಾರ ಯಾರ ಮೇಲೆ, ಜನರಿಗೆ ತಿಳಿಸಿ ಎಂದು ಕೇಳಿದ್ದರು. ಮುಂದಾಳುಗಳಲ್ಲಿ ಒಬ್ಬರು ಅಘೋರನಾಥ ಚಟ್ಟೋಪಾಧ್ಯಾಯ, ಸರೋಜಿನಿ ನಾಯ್ಡು ಅವರ ತಂದೆ. ಅವರನ್ನು ಸಂಸ್ಥಾನದಿಂದಲೇ ಹೊರಗೆ ಹಾಕಿದರು. ಸರಿಯಾದ ಪ್ರಶ್ನೆ ಕೇಳಿದವರಿಗೆ ಸಿಕ್ಕ ಮರ್ಯಾದೆ ಅದು. ತಪ್ಪು ಪ್ರಶ್ನೆ ಕೇಳುವ ನಿಮಗೆ ನಾನು ಮೊನ್ನೆಮೊನ್ನೆಯವರೆಗೂ ಚಹಾ ಕೊಟ್ಟು ಉತ್ತರ ಹೇಳಿದ್ದೇನೆ.

ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ. ಕಲಬುರಗಿಯವರು, ರಾಯಚೂರಿನವರು, ಬೀದರಿನವರು ಕೇಳಬೇಕಾದದ್ದು: ಆ ಖಜಾನೆಗೆ ದುಡ್ಡು ಎಲ್ಲಿಂದ ಬರುತ್ತಿತ್ತು? ಖಜಾನೆಯ ದೊಡ್ಡ ಆದಾಯ ಭೂಕಂದಾಯ. ಕಟ್ಟಿದವರಲ್ಲಿ ಆಗ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಮೂರು ಜಿಲ್ಲೆಗಳ ಜೋಳ, ಹತ್ತಿ ಬೆಳೆಯುತ್ತಿದ್ದ ರೈತರೂ ಇದ್ದರು. 12 ಪೌಂಡಿನ ಷೇರಿನಲ್ಲಿ, ನೂರಕ್ಕೆ 5ರ ಜಾಮೀನಿನಲ್ಲಿ, ಮಾಲಿ ಪಾಟೀಲ ಮನೆಮುಂದೆ ನಿಂತು ವಸೂಲು ಮಾಡಿಕೊಂಡು ಹೋದ ನಮ್ಮ ಮುತ್ತಜ್ಜಂದಿರ ದುಡ್ಡೂ ಇದೆ. ಸಿಂಗರೇಣಿಯ ಹೂಡಿಕೆದಾರರ ಪಟ್ಟಿ ಎಂದರೆ ಲಂಡನ್ನಿನ ಹೆಸರುಗಳನ್ನೇ ಓದುವ ನಾವು, ಈ ಹೂಡಿಕೆದಾರರನ್ನು ಒಂದು ದಿನವೂ ಲೆಕ್ಕಕ್ಕೆ ಹಿಡಿದಿಲ್ಲ.

ಇದು ಭಾವುಕತೆ ಎನ್ನುವವರಿಗೆ ಮುಂದಿನ ಲೆಕ್ಕವನ್ನೂ ಕೊಡುತ್ತೇನೆ. 1920ರಲ್ಲಿ ಹಳೆಯ ಕಂಪನಿಯ ಆಸ್ತಿ, ಸಾಲ ಎಲ್ಲ ಸಿಂಗರೇಣಿ ಕಾಲರೀಸ್ ಎಂಬ ಹೊಸ ಕಂಪನಿಗೆ ಬಂತು, ಹೈದರಾಬಾದಿನಲ್ಲೇ ನೋಂದಣಿ. 1945ರಲ್ಲಿ ನಿಜಾಮರ ಸರ್ಕಾರ ಅದರ ಹೆಚ್ಚಿನ ಷೇರುಗಳನ್ನು ಕೊಂಡಿತು. ತನ್ನ ನೆಲದ ಕಲ್ಲಿದ್ದಲಿಗೆ ಖಜಾನೆ ಮತ್ತೆ ದುಡ್ಡು ಕೊಟ್ಟಿತು, ಮತ್ತೆ ಅದೇ ಜನರ ದುಡ್ಡು. 1956ರಲ್ಲಿ ಹಳೆಯ ಸಂಸ್ಥಾನದ ನೆಲ ಮೂರು ಹೋಳಾಯಿತು. ನಾವು ಮೈಸೂರು ರಾಜ್ಯಕ್ಕೆ ಬಂದೆವು, ಸಿಂಗರೇಣಿಯ ಹಿಡಿತ ಆಂಧ್ರಪ್ರದೇಶಕ್ಕೆ ಹೋಯಿತು. ಈಗ ಅದರಲ್ಲಿ ತೆಲಂಗಾಣದ್ದು ನೂರಕ್ಕೆ 51, ಕೇಂದ್ರದ್ದು 49. ಶಕ್ತಿನಗರಕ್ಕೆ ಬರುವ ಪ್ರತಿ ರೇಕ್ (ಗೂಡ್ಸ್ ರೈಲು) ಕಲ್ಲಿದ್ದಲಿಗೆ ನಾವು ಉಳಿದ ಗಿರಾಕಿಗಳ ಹಾಗೆಯೇ ಬಿಲ್ ಕಟ್ಟುತ್ತೇವೆ.

ಗಣಿ ಇರುವ ನೆಲಕ್ಕೆ ಗಣಿ ಎಂಬ ನ್ಯಾಯ ನನಗೂ ಗೊತ್ತು, ಅದಕ್ಕೆ ವಾದ ಹೂಡುವುದಿಲ್ಲ. ಹಟ್ಟಿ ಚಿನ್ನದ ಗಣಿ ನಮಗೆ ಬಂತಲ್ಲ ಎಂದೂ ಹೇಳುತ್ತೀರಿ. ಬಂತು. ಹಟ್ಟಿಗೆ ಲಂಡನ್ನಿನಲ್ಲಿ ಷೇರು ಎತ್ತಿದ ಕಥೆಯನ್ನು ಕೇಳುವವರು ದಯವಿಟ್ಟು ‘ಬ್ರಿಟಿಷರು ರೊಕ್ಕ ಹಾಕಲಿಲ್ಲಂದ್ರ’ ಎಂದು ಶುರುಮಾಡಬೇಡಿ.